ಸೇತುವೆ ಹತ್ತಲು ಅಲ್ಲಿ ಮೆಟ್ಟಿಲಿರಲಿಲ್ಲ

ನಗರಗಳ ಗಣಕ ಮಾದರಿಗಳನ್ನು ಕಟ್ಟುವುದು ನನ್ನ ವೃತ್ತಿ. ಹದಿನಾರು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ, ಇದನ್ನೇ ಕಲಿಸುತ್ತಿದ್ದೇನೆ. ಈ ಅವಧಿಯಲ್ಲಿ ಕುಳಿತ ಸಭೆಗಳಲ್ಲಿ ಹೆಚ್ಚಿನವು ನೆನಪಿನಿಂದ ಅಳಿಸಿಹೋಗಿವೆ. ಎರಡು ವರ್ಷದ ಹಿಂದಿನ ಒಂದು ಸಭೆಯ ಸುಮಾರು ಹತ್ತು ನಿಮಿಷಗಳು ಮಾತ್ರ ಇಂದಿಗೂ ನನ್ನನ್ನು ಚುಚ್ಚುತ್ತವೆ. ಈ ಕ್ಷೇತ್ರಕ್ಕೆ ಹೊಸದಾಗಿ ಬರುತ್ತಿರುವವರು ಅದನ್ನು ತಿಳಿದಿರಬೇಕು ಎನಿಸಿದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಒಂದು ನಗರಾಡಳಿತವು ಮೂರು ಹೊಸ ಆರೋಗ್ಯ ಕೇಂದ್ರಗಳನ್ನು ಎಲ್ಲಿ ತೆರೆಯಬೇಕೆಂದು ಸೂಚಿಸಲು ನಮ್ಮ ತಂಡವನ್ನು ಕೇಳಿತ್ತು. ನಗರ ಯೋಜನಾ ಸಂಶೋಧಕ ವಾಲ್ಟರ್ ಹ್ಯಾನ್ಸನ್ 1959ರಲ್ಲಿ ಸುಲಭ ತಲುಪುವಿಕೆಗೆ ಕೊಟ್ಟ ಸೂತ್ರದಿಂದ ಹಿಡಿದು ಇಂದಿನವರೆಗೆ ಈ ಬಗೆಯ ಕೆಲಸದ ತಿರುಳು ಒಂದೇ ಆಗಿದೆ: ಜನ ಎಲ್ಲಿದ್ದಾರೆ, ಸೇವೆ ಎಲ್ಲಿದೆ, ನಡುವಿನ ದೂರ ಎಷ್ಟು ಎಂಬುದನ್ನು ಅಳೆಯುವುದು. ಸ್ವಯಂಸೇವಕರು ಕಟ್ಟುವ ಮುಕ್ತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ರಸ್ತೆ ಜಾಲವನ್ನು ಇಳಿಸಿಕೊಂಡು, ನಿಮಿಷಕ್ಕೆ 80 ಮೀಟರ್ ನಡಿಗೆಯ ವೇಗವನ್ನು ಇಟ್ಟುಕೊಂಡು, ಪ್ರತಿ ಬ್ಲಾಕಿನಿಂದ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಅತಿ ಕಡಿಮೆ ದೂರದ ದಾರಿಯನ್ನು ಲೆಕ್ಕ ಹಾಕಿದೆವು. 15 ನಿಮಿಷ, ಅಂದರೆ 1,200 ಮೀಟರಿನೊಳಗೆ ಕೇಂದ್ರವಿರುವ ಬ್ಲಾಕುಗಳಿಗೆ ಹಸಿರು ಬಣ್ಣ ಕೊಟ್ಟೆವು, ಉಳಿದವುಗಳಿಗೆ ಕೆಂಪು. ಕೆಂಪು ಬ್ಲಾಕುಗಳನ್ನು ಜನಸಂಖ್ಯೆಗೆ ಅನುಗುಣವಾಗಿ ಕ್ರಮದಲ್ಲಿ ಜೋಡಿಸಿದಾಗ ಆದ್ಯತಾ ಪಟ್ಟಿ ಸಿದ್ಧವಾಯಿತು.

ಜಾಲವನ್ನು ಶುದ್ಧಗೊಳಿಸಲು ನಾನು ಬಳಸಿದ ಸ್ಕ್ರಿಪ್ಟು ನನ್ನ ಪಿಎಚ್‌ಡಿ ದಿನಗಳದು. ಆಗ ನನ್ನ ಕೈಯಲ್ಲಿದ್ದುದು ಕಾಗದದ ನಕ್ಷೆಗಳಿಂದ ಡಿಜಿಟೈಸ್ ಮಾಡಿದ, ಸೇತುವೆಗಳೇ ಇಲ್ಲದ ಒಂದು ಚಿಕ್ಕ ಊರಿನ ದತ್ತಾಂಶ. ಅದರಲ್ಲಿ ರಸ್ತೆಗಳು ಒಂದನ್ನೊಂದು ದಾಟುತ್ತಿದ್ದ ಜಾಗಗಳಲ್ಲಿ ನೋಡ್‌ಗಳೇ, ಅಂದರೆ ಒಂದು ರಸ್ತೆಯಿಂದ ಇನ್ನೊಂದಕ್ಕೆ ತಿರುಗಬಹುದೆಂದು ಗಣಕಕ್ಕೆ ಹೇಳುವ ಕೂಡು ಬಿಂದುಗಳೇ, ಇರಲಿಲ್ಲವಾದ್ದರಿಂದ, ಎರಡು ಗೆರೆಗಳು ಎಲ್ಲಿ ಛೇದಿಸಿದರೂ ಅಲ್ಲೊಂದು ನೋಡ್ ಇಟ್ಟು ಎರಡನ್ನೂ ಕತ್ತರಿಸುವಂತೆ, ಅಂದರೆ ಜಾಲವನ್ನು ಪ್ಲೇನರೈಸ್ ಮಾಡುವಂತೆ ಬರೆದಿದ್ದೆ. ಆ ದತ್ತಾಂಶಕ್ಕೆ ಅದು ಸರಿಯಾದ ಮದ್ದಾಗಿತ್ತು. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಕಥೆ ಬೇರೆ. ಅಲ್ಲಿ ಎರಡು ರಸ್ತೆಗಳು ಒಂದೇ ನೋಡನ್ನು ಹಂಚಿಕೊಂಡಿದ್ದರೆ ಮಾತ್ರ ಅವು ಕೂಡುತ್ತವೆ. ಹಂಚಿಕೊಳ್ಳದೆ ದಾಟಿದರೆ ಒಂದು ಮೇಲೆ, ಇನ್ನೊಂದು ಕೆಳಗೆ ಹೋಗುತ್ತಿದೆ ಎಂದು ಸಾಮಾನ್ಯವಾಗಿ ಅರ್ಥ. ಸೇತುವೆ, ಸುರಂಗ, ಮಟ್ಟ ಇವುಗಳನ್ನು ಹೇಳುವ ಟ್ಯಾಗ್‌ಗಳೂ ಅದರಲ್ಲಿರುತ್ತವೆ. ಕಡತ ಹಗುರವಾಗಲೆಂದು ನಾನು ಆ ಕಾಲಮ್ಮುಗಳನ್ನು ಮೊದಲ ಹಂತದಲ್ಲೇ ತೆಗೆದುಹಾಕಿದ್ದೆ. ಹಾಗಾಗಿ ಹಳೆಯ ಸ್ಕ್ರಿಪ್ಟು ತನಗೆ ಹೇಳಿದ ಕೆಲಸವನ್ನು ನಿಷ್ಠೆಯಿಂದ ಮಾಡಿ, ನೆಲದ ಮೇಲಿನ ಓಣಿಗಳನ್ನು ಅವುಗಳ ನೆತ್ತಿಯ ಮೇಲೆ ಹಾದುಹೋಗುವ ಮೇಲ್ಸೇತುವೆಗಳಿಗೆ ಜೋಡಿಸಿಬಿಟ್ಟಿತು.

ನನಗೆ ಎಚ್ಚರಿಕೆ ಬಂದಿರಲಿಲ್ಲವೆಂದಲ್ಲ. ಸಭೆಗೆ ಮೂರು ವಾರ ಮೊದಲು ನಮ್ಮ ಸಂಶೋಧನಾ ಸಹಾಯಕ ಒಂದು ಸ್ಕ್ರೀನ್‌ಶಾಟ್ ಕಳಿಸಿ, "ಸರ್, ಹಳಿಯ ಪಕ್ಕದ ಬಡಾವಣೆಯ ಐಸೊಕ್ರೋನ್ ಹಳಿ ದಾಟಿ ಆಚೆಗೂ ಹರಡಿಕೊಂಡಿದೆ, ಒಮ್ಮೆ ನೋಡುತ್ತೀರಾ?" ಎಂದು ಬರೆದಿದ್ದರು. ಐಸೊಕ್ರೋನ್ ಎಂದರೆ ಒಂದು ಜಾಗದಿಂದ ಇಂತಿಷ್ಟು ನಿಮಿಷದಲ್ಲಿ ತಲುಪಬಹುದಾದ ಪ್ರದೇಶ. ನಾನು ಉಪಗ್ರಹ ಚಿತ್ರ ತೆರೆದು ನೋಡಿದೆ. ಅಲ್ಲಿ ಹಳಿಯ ಮೇಲೆ ಸೇತುವೆಯೊಂದು ಸ್ಪಷ್ಟವಾಗಿ ಕಾಣುತ್ತಿತ್ತು. "ಅಲ್ಲಿ ಸೇತುವೆ ಇದೆ, ಸರಿಯಾಗಿದೆ" ಎಂದು ಒಂದೇ ಸಾಲಿನ ಉತ್ತರ ಕೊಟ್ಟು ಮುಂದಿನ ಕೆಲಸಕ್ಕೆ ಹೋದೆ. ಸೇತುವೆ ಇದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಂಡೆನೇ ಹೊರತು, ಆ ಓಣಿಯಲ್ಲಿ ನಿಂತ ಮನುಷ್ಯ ಸೇತುವೆಯ ಮೇಲಕ್ಕೆ ಹೇಗೆ ಬರುತ್ತಾನೆ ಎಂಬ ಪ್ರಶ್ನೆ ನನಗೆ ಹೊಳೆಯಲೇ ಇಲ್ಲ. ಮೇಲಿನಿಂದ ತೆಗೆದ ಚಿತ್ರದಲ್ಲಿ ಎತ್ತರ ಕಾಣುವುದಿಲ್ಲವೆಂಬುದು ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತಿರುವ ಸಂಗತಿ.

ಸಭೆಯ ದಿನ ಪರದೆಯ ಮೇಲೆ ನಕ್ಷೆ ಬಂದಾಗ ಆ ಬಡಾವಣೆ ದಟ್ಟ ಹಸಿರಾಗಿತ್ತು, ಹತ್ತಿರದ ಕೇಂದ್ರಕ್ಕೆ 9 ನಿಮಿಷ. ಹೀಗಾಗಿ ಅದು ಆದ್ಯತಾ ಪಟ್ಟಿಯಲ್ಲೇ ಇರಲಿಲ್ಲ. ಕೊನೆಯ ಸಾಲಿನಲ್ಲಿ ಕುಳಿತಿದ್ದ ಆರೋಗ್ಯ ಕಾರ್ಯಕರ್ತೆಯೊಬ್ಬರು ಎದ್ದು ನಿಂತು, ಪರದೆಯ ಹತ್ತಿರಕ್ಕೆ ಬಂದು, ನಾನು ಎಳೆದಿದ್ದ ದಾರಿಯನ್ನು ಬೆರಳಿನಿಂದ ಹಿಂಬಾಲಿಸಿದರು. ಬೆರಳು ಒಂದು ಕಡೆ ನಿಂತಿತು. "ಸರ್, ಇಲ್ಲಿ ಸೇತುವೆ ಹತ್ತಲು ಮೆಟ್ಟಿಲಿಲ್ಲ" ಎಂದರು.

ಆ ಮಾತು ಅಷ್ಟು ಸರಳವಾಗಿತ್ತು. ಅದಕ್ಕೆ ನಾನು ಕೊಟ್ಟ ಉತ್ತರವನ್ನು ನೆನೆದರೆ ಈಗಲೂ ಮನಸ್ಸು ಮುದುಡುತ್ತದೆ. ಮಾದರಿಯನ್ನು ಪ್ರಯಾಣ ಸಮೀಕ್ಷೆಯೊಂದಿಗೆ ಕ್ಯಾಲಿಬ್ರೇಟ್ ಮಾಡಲಾಗಿದೆ, ಅಂದರೆ ಅದರ ಅಂಕಿಗಳಿಗೆ ಸರಿಹೊಂದಿಸಲಾಗಿದೆ, ಪ್ರಯಾಣ ದೂರದ ಹಂಚಿಕೆ ಚೆನ್ನಾಗಿ ಹೊಂದಿಕೊಂಡಿದೆ, ಬಿಡಿ ಅನುಭವಗಳು ಸರಾಸರಿಗಿಂತ ಭಿನ್ನವಾಗಿರುವುದು ಸಹಜ ಎಂದು ನಾನು ವಿವರಿಸಿದೆ. ಅವರು ವಾದಿಸಲಿಲ್ಲ. "ನಾನು ವಾರಕ್ಕೆ ಮೂರು ದಿನ ಅಲ್ಲಿಗೆ ಹೋಗುತ್ತೇನೆ" ಎಂದಷ್ಟೇ ಹೇಳಿ ಅಲ್ಲಿಯೇ ನಿಂತರು. ಕೋಣೆಯಲ್ಲಿದ್ದವರು ಅವರನ್ನೂ ನನ್ನನ್ನೂ ಸರದಿಯಂತೆ ನೋಡುತ್ತಿದ್ದರು. ನಾನು ಮುಂದಿನ ಸ್ಲೈಡಿಗೆ ಹೋಗಲು ಕೈ ಚಾಚಿದ್ದೆ. ಅಷ್ಟರಲ್ಲಿ ನಮ್ಮ ಸಹಾಯಕ ತಮ್ಮ ಲ್ಯಾಪ್‌ಟಾಪಿನಲ್ಲಿ ಆ ಬಿಂದುವನ್ನು ಹಿಗ್ಗಿಸಿ, ಮೂಲ ದತ್ತಾಂಶವನ್ನು ನಮ್ಮ ಜಾಲದ ಪಕ್ಕದಲ್ಲಿಟ್ಟು, ಸದ್ದಿಲ್ಲದೆ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಮೂಲದಲ್ಲಿ ಅಲ್ಲಿ ನೋಡ್ ಇರಲಿಲ್ಲ. ನಮ್ಮದರಲ್ಲಿ ನಾಲ್ಕು ಎಡ್ಜ್‌ಗಳು, ಅಂದರೆ ರಸ್ತೆಯ ತುಂಡುಗಳು, ಕೂಡುವ ನೋಡ್ ಒಂದಿತ್ತು. ಗಾಳಿಯಲ್ಲಿ ತೇಲುವ ಆ ನಾಲ್ಕು ದಾರಿಯ ವೃತ್ತವನ್ನು ನಾನೇ ನಿರ್ಮಿಸಿದ್ದೆ.

ತಪ್ಪಾಗಿದೆ ಎಂದು ಸಭೆಗೆ ಹೇಳಲು ಬಹುಶಃ ಒಂದು ನಿಮಿಷ ತೆಗೆದುಕೊಂಡಿರಬೇಕು. ಆ ನಿಮಿಷದಲ್ಲಿ, ಸಭೆ ಮುಗಿದ ಮೇಲೆ ಸದ್ದಿಲ್ಲದೆ ತಿದ್ದಿ ಪರಿಷ್ಕೃತ ಆವೃತ್ತಿ ಎಂದು ಕಳಿಸಿದರಾಯಿತು ಎಂಬ ಯೋಚನೆಯೂ ಬಂದುಹೋಯಿತು, ಅದನ್ನು ಮುಚ್ಚಿಡುವುದಿಲ್ಲ. ಆ ಕಾರ್ಯಕರ್ತೆ ಇನ್ನೂ ಪರದೆಯ ಪಕ್ಕದಲ್ಲಿ ನಿಂತಿದ್ದರು. ಅವರು ಹೇಳಿದ್ದೇ ಸರಿ, ಈ ನಕ್ಷೆಯನ್ನು ಆಧರಿಸಿ ಯಾವ ನಿರ್ಧಾರವನ್ನೂ ಮಾಡಬೇಡಿ ಎಂದು ಹೇಳಿದೆ. ಅಧ್ಯಕ್ಷತೆ ವಹಿಸಿದ್ದ ಅಧಿಕಾರಿ ಕಡತ ಮುಚ್ಚಿ ಹದಿನೈದು ದಿನ ಕಾಲಾವಕಾಶ ಕೊಟ್ಟರು.

ಆ ಹದಿನೈದು ದಿನಗಳಲ್ಲಿ ಲೆಕ್ಕ ಹಾಕಿದಾಗ ಸುಮಾರು 18,000 ನೋಡ್‌ಗಳಲ್ಲಿ 212 ಸುಳ್ಳು ನೋಡ್‌ಗಳು ಸಿಕ್ಕವು. ಪ್ರಮಾಣ ಶೇಕಡಾ 1.2ರಷ್ಟೂ ಇಲ್ಲ. ಹೆಚ್ಚಿನ ದತ್ತಾಂಶಗಳಲ್ಲಿ ಇಷ್ಟು ದೋಷವನ್ನು ನಾವು ಗಣನೆಗೇ ತೆಗೆದುಕೊಳ್ಳುವುದಿಲ್ಲ. ಆದರೆ ಜಾಲದ ದೋಷ ಹಾಗಲ್ಲ. ಅಳತೆಯ ದೋಷಗಳು ಕೆಲವು ಮೇಲಕ್ಕೆ, ಕೆಲವು ಕೆಳಕ್ಕೆ ಹೋಗಿ ಒಂದನ್ನೊಂದು ಸರಿದೂಗಿಸಬಹುದು. ಸುಳ್ಳು ಕೂಡುದಾರಿ ಮಾತ್ರ ದೂರವನ್ನು ಕಡಿಮೆ ಮಾಡಬಲ್ಲದೇ ವಿನಾ ಎಂದಿಗೂ ಹೆಚ್ಚಿಸಲಾರದು. ದಾರಿಯ ಲೆಕ್ಕಕ್ಕೆ ಬಳಸುವ ಡೈಕ್‌ಸ್ಟ್ರಾ ಅವರ ಅಲ್ಗಾರಿದಮ್ ಕನಿಷ್ಠ ದೂರವನ್ನೇ ಹುಡುಕುವುದರಿಂದ, ಎಲ್ಲಿ ಇಂಥ ಸುಳ್ಳಿದೆಯೋ ಅಲ್ಲಿಗೆ ತಾನಾಗಿಯೇ ಹೋಗಿ ಸೇರುತ್ತದೆ. ಮೇಲಾಗಿ ರೈಲು ಹಳಿ, ನದಿ, ಹೆದ್ದಾರಿಗಳಂಥ ತಡೆಗಳನ್ನು ದಾಟುವ ಜಾಗಗಳು ಮೊದಲೇ ವಿರಳ. ಆದ್ದರಿಂದ ಹಳಿಯ ಬಳಿಯ ಒಂದೇ ಒಂದು ಸುಳ್ಳು ನೋಡು ಇಡೀ ಬಡಾವಣೆಯ ದಾರಿಗಳನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತ್ತು. ತಿದ್ದಿದ ಮೇಲೆ 9 ನಿಮಿಷ ಇದ್ದದ್ದು 41 ನಿಮಿಷವಾಯಿತು. ನಿಜವಾದ ದಾರಿ ದೂರದ ರೈಲ್ವೆ ಗೇಟನ್ನು ಬಳಸಿಕೊಂಡು ಬರುತ್ತಿತ್ತು. ನಗರದ ಒಟ್ಟು ಸರಾಸರಿಯಂತೂ ಅಲುಗಾಡಲೇ ಇಲ್ಲ. ನನ್ನ ಕ್ಯಾಲಿಬ್ರೇಷನ್ ಈ ತಪ್ಪನ್ನು ಹಿಡಿಯದೇ ಹೋದದ್ದೂ ಇದೇ ಕಾರಣಕ್ಕೆ. ಹೊಂದಿಕೆಯನ್ನು ನೋಡಿದ್ದು ಇಡೀ ನಗರದ ಮಟ್ಟದಲ್ಲಿ, ಅನ್ಯಾಯವಾಗಿದ್ದು ಒಂದು ಬಡಾವಣೆಗೆ.

ನಗರ ಯೋಜನಾ ವಿದ್ವಾಂಸ ಡಗ್ಲಸ್ ಲೀ 1973ರಲ್ಲಿ ಬೃಹತ್ ನಗರ ಮಾದರಿಗಳ ಏಳು ಪಾಪಗಳನ್ನು ಪಟ್ಟಿ ಮಾಡಿದ ಲೇಖನವನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಓದಿಸುತ್ತೇನೆ. 1964ರಲ್ಲಿ ಐರಾ ಲೌರಿ ಅಮೆರಿಕದ ಪಿಟ್ಸ್‌ಬರ್ಗಿಗೆ ಕಟ್ಟಿದ ಗಣಕ ಮಾದರಿಯ ನಂತರದ ಉತ್ಸಾಹದ ವರ್ಷಗಳನ್ನು ಹೇಳಿ, ಆಮೇಲೆ ಲೀ ಅವರ ಟೀಕೆಗೆ ಬರುವುದು ನನ್ನ ಪಾಠದ ಕ್ರಮ. ಮಾದರಿಗಳಿಗೆ ದತ್ತಾಂಶದ ಹಸಿವು ಹೆಚ್ಚು, ಅವು ನಗರದ ಎಲ್ಲವನ್ನೂ ಒಟ್ಟಿಗೆ ವಿವರಿಸಲು ಹೊರಡುತ್ತವೆ, ಆದರೆ ನಿರ್ಧಾರ ಮಾಡುವವರಿಗೆ ಬೇಕಾದ ಸೂಕ್ಷ್ಮತೆಯಲ್ಲಿ ಏನನ್ನೂ ಹೇಳಲಾರವು ಎಂಬ ಅವರ ಮಾತನ್ನು ಅಂದಿನ ದುರ್ಬಲ ಗಣಕಗಳ ಕಾಲದ್ದೆಂದು ನಾನು ಒಳಗೊಳಗೇ ಬದಿಗಿಟ್ಟಿದ್ದೆ. ನಮ್ಮಲ್ಲಿ ಈಗ ಪ್ರತಿ ಓಣಿಯೂ ಇದೆಯಲ್ಲ ಎಂಬ ಧೈರ್ಯ. ಓಣಿ ಇತ್ತು, ನಿಜ. ಅದರ ಎತ್ತರವನ್ನು ನಾನೇ ಅಳಿಸಿಹಾಕಿದ್ದೆ.

ನನ್ನ ತಪ್ಪನ್ನು ಹಗುರ ಮಾಡಿಕೊಳ್ಳಲು ಈ ಮಾತು ಹೇಳುತ್ತಿಲ್ಲ, ಆದರೂ ಹೇಳಲೇಬೇಕು. ಆ ಯೋಜನೆಯ ಮೂಲ ಪ್ರಸ್ತಾವದಲ್ಲಿ ಕ್ಷೇತ್ರ ಪರಿಶೀಲನೆಗೆ ಎರಡು ವಾರ ಇಟ್ಟಿದ್ದೆವು. ಬಜೆಟ್ ಕಡಿತವಾದಾಗ ಮೊದಲು ಹೋದದ್ದು ಅದೇ. ಫಲಿತಾಂಶಗಳನ್ನು ಪರದೆಯಲ್ಲಿ ತೋರಿಸುವ ಡ್ಯಾಶ್‌ಬೋರ್ಡಿಗೆ ಮೀಸಲಿಟ್ಟ ಹಣವನ್ನು ಯಾರೂ ಮುಟ್ಟಲಿಲ್ಲ. ನಮ್ಮ ವೃತ್ತಿಯ ಬಡ್ತಿಯ ಲೆಕ್ಕದಲ್ಲೂ ಜಾಲ ಶುದ್ಧೀಕರಣಕ್ಕೆ ಜಾಗವಿಲ್ಲ. ಪ್ರಬಂಧ ಕಳಿಸಿದಾಗ ವಿಮರ್ಶಕರು ಸಮೀಕರಣದ ಬಗ್ಗೆ ಎರಡು ಪುಟ ಪ್ರಶ್ನೆ ಕೇಳುತ್ತಾರೆ, ಸ್ನ್ಯಾಪ್ ಟಾಲರೆನ್ಸ್, ಅಂದರೆ ಎಷ್ಟು ಹತ್ತಿರವಿರುವ ಬಿಂದುಗಳನ್ನು ಒಂದೇ ಎಂದು ಕೂಡಿಸಬೇಕೆಂಬ ಮಿತಿ, ಎಷ್ಟಿಟ್ಟಿರಿ ಎಂದು ನನ್ನನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ಕಿರಿಯ ಸಹೋದ್ಯೋಗಿಗಳು ತಿಂಗಳುಗಟ್ಟಲೆ ಮಾಡುವ ಈ ಕೆಲಸ ಪ್ರಬಂಧದಲ್ಲಿ ಅರ್ಧ ವಾಕ್ಯವಾಗಿ ಮುಗಿಯುತ್ತದೆ. ಇದು ಬದಲಾಗದೆ ನಮ್ಮ ಮಾದರಿಗಳು ಬದಲಾಗುವುದಿಲ್ಲ ಎಂದೇ ನನ್ನ ನಂಬಿಕೆ.

ಈಗ ನಮ್ಮಲ್ಲಿ ಸೇತುವೆ, ಸುರಂಗ, ಮಟ್ಟದ ಟ್ಯಾಗ್‌ಗಳನ್ನು ಯಾರೂ ತೆಗೆಯುವಂತಿಲ್ಲ. ಹಳಿ, ನೀರು, ಹೆದ್ದಾರಿಗಳನ್ನು ದಾಟುವ ಪ್ರತಿಯೊಂದು ಜಾಗವನ್ನೂ ಪ್ರತ್ಯೇಕ ಕಡತಕ್ಕೆ ತೆಗೆದು, ಆ ಭಾಗದಲ್ಲಿ ಓಡಾಡುವವರೊಬ್ಬರ ಜೊತೆ ಕುಳಿತು ಒಂದೊಂದಾಗಿ ನೋಡುತ್ತೇವೆ. ಆ ಎಚ್ಚರಿಕೆ ಕಳಿಸಿದ ಸಹಾಯಕನ ಸಹಿಯಿಲ್ಲದೆ ಯಾವ ಜಾಲವೂ ಮುಂದಿನ ಹಂತಕ್ಕೆ ಹೋಗುವುದಿಲ್ಲ.

ಪರಿಷ್ಕೃತ ಪಟ್ಟಿ ಕೊಡುವ ಮೊದಲು ನಾನು ಆ ಕಾರ್ಯಕರ್ತೆಯ ಜೊತೆ ಬಡಾವಣೆಯಿಂದ ಆರೋಗ್ಯ ಕೇಂದ್ರದವರೆಗೆ ನಡೆದು ಹೋದೆ. ಮೇಲ್ಸೇತುವೆಯ ಕೆಳಗೆ ಹಾಯುವಾಗ ಅವರು ಒಮ್ಮೆ ಮೇಲಕ್ಕೆ ನೋಡಿದರು, ಏನೂ ಹೇಳಲಿಲ್ಲ. ಗೇಟು ಮುಚ್ಚಿತ್ತು, ಎರಡು ರೈಲುಗಳು ಹೋಗುವವರೆಗೆ ಕಾದೆವು. ತಲುಪುವಾಗ 52 ನಿಮಿಷವಾಗಿತ್ತು. ಮಗುವನ್ನು ಎತ್ತಿಕೊಂಡು ಬರುವ ತಾಯಂದಿರಿಗೆ ಇದಕ್ಕಿಂತ ಹೆಚ್ಚು ಹೊತ್ತು ಬೇಕು ಎಂದರು. ಬಡಾವಣೆ ಆದ್ಯತಾ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತು. ಗೇಟಿನ ಕಾಯುವಿಕೆಯನ್ನು ಮಾದರಿಗೆ ಸೇರಿಸಿದ್ದೇವೆ. ನಡಿಗೆಯ ವೇಗದ ಸಾಲಿನಲ್ಲಿ ಮಾತ್ರ ಇನ್ನೂ 80 ಎಂದೇ ಇದೆ. ಮಗುವನ್ನು ಎತ್ತಿಕೊಂಡವರ, ವಯಸ್ಸಾದವರ ನಡಿಗೆಯನ್ನು ಅಳೆಯುವ ಕೆಲಸವನ್ನು ಈ ತಿಂಗಳು ಅದೇ ಓಣಿಯಿಂದ ಆರಂಭಿಸುತ್ತಿದ್ದೇವೆ.