ಲಿಕ್ಕಾ-ಚಾನ್ ಕೋಣೆಗೆ ಒಂದು ಫ್ಯಾಮಿಕಾಮ್: ಮೂರನೇ ವಾರ

ಜಪಾನಿನ ಗೊಂಬೆ ಲಿಕ್ಕಾ-ಚಾನ್ ಕೋಣೆಗೆಂದು ನಿಂಟೆಂಡೊದ ಹಳೇ ವಿಡಿಯೊಗೇಮ್ ಯಂತ್ರ ಫ್ಯಾಮಿಕಾಮ್‌ನ ಪುಟ್ಟ ಮಾದರಿ ಮಾಡುತ್ತಿದ್ದೇನೆ. ಭಾನುವಾರ ಸಂಜೆ ಅದರ ಡಬ್ಬಿ ಕೊನೆಗೂ ನೆಟ್ಟಗೆ ಕೂತಿತು. ಉದ್ದ 34 ಮಿಲಿಮೀಟರ್, ಅಗಲ 23, ಎತ್ತರ 9. ಎರಡು ಬೆರಳ ಮೇಲೆ ಆರಾಮಾಗಿ ನಿಲ್ಲುತ್ತದೆ.

ಅಳತೆಯ ಲೆಕ್ಕ ಸುಲಭ. ಕಥೆಯ ಪ್ರಕಾರ ಲಿಕ್ಕಾ ಐದನೇ ಕ್ಲಾಸಿನ ಹುಡುಗಿ, ವಯಸ್ಸು 11, ಎತ್ತರ 142 ಸೆಂಟಿಮೀಟರ್. ಗೊಂಬೆಯ ಎತ್ತರ 22. ಅಂದರೆ ಅವಳ ಪ್ರಪಂಚದ ಯಾವುದೇ ವಸ್ತುವನ್ನು ಸುಮಾರು ಆರೂವರೆಯಿಂದ ಭಾಗಿಸಬೇಕು. ನಿಜವಾದ ಫ್ಯಾಮಿಕಾಮ್ 220 ಮಿಲಿಮೀಟರ್ ಉದ್ದ, 150 ಅಗಲ.

ಫ್ಯಾಮಿಕಾಮೇ ಯಾಕೆ? 1967ರಲ್ಲಿ ಲಿಕ್ಕಾಳನ್ನು ತಂದದ್ದು ಟಕಾರಾ ಕಂಪನಿ. ಅಮ್ಮ ಓರಿಯೆ ಫ್ಯಾಷನ್ ಡಿಸೈನರ್, ಅಪ್ಪ ಪಿಯೆರ್ ಫ್ರಾನ್ಸಿನ ಸಂಗೀತಗಾರ ಅಂತ ಅವಳಿಗೊಂದು ಸಂಸಾರವನ್ನೇ ಕಟ್ಟಿಕೊಟ್ಟರು. ಅದೇ ಟಕಾರಾ 1986ರ ಡಿಸೆಂಬರ್‌ನಲ್ಲಿ ಫ್ಯಾಮಿಕಾಮ್‌ಗೆ ಟ್ರಾನ್ಸ್‌ಫಾರ್ಮರ್ಸ್ ಆಟ 'ಕಾನ್ವಾಯ್ ನೊ ನಾಜೊ' ತಂದಿತು. ಮುಂದೆ 1995ರಲ್ಲಿ ಜಪಾನಿನ ಪ್ಲೇಸ್ಟೇಷನ್‌ಗೆ 'ತೋಶಿನ್‌ದೆನ್' ಕೂಡ. ಗೊಂಬೆಯೂ ಆಟವೂ ಒಂದೇ ಮನೆಯ ಮಕ್ಕಳು! ನನ್ನ ಗೊಂಬೆಯದು 1987ರಲ್ಲಿ ಬಂದ ನಾಲ್ಕನೇ ತಲೆಮಾರಿನ ಮುಖ. ಆ ವರ್ಷ ಜಪಾನಿನಲ್ಲಿ ಹನ್ನೊಂದು ತುಂಬಿದ ಹುಡುಗಿಯ ಕೋಣೆಯಲ್ಲಿ ಫ್ಯಾಮಿಕಾಮ್ ಇರಲೇಬೇಕು ಅಂತ ನನ್ನ ಆಸೆ.

ಈಗ ಕೆಲಸದ ವಿಷಯ. ಮೊದಲೆರಡು ಡಬ್ಬಿಗಳನ್ನು ಹಳೇ ಮದುವೆ ಕಾಗದದ ರಟ್ಟಿನಲ್ಲಿ ಮಾಡಿದ್ದೆ. ರಟ್ಟು ಗಟ್ಟಿ, ಚೆನ್ನಾಗಿ ಮಡಚುತ್ತದೆ. ಆದರೆ ಬಿಳಿ ಬಣ್ಣ ಹಚ್ಚಿದ ಕೂಡಲೇ ಕತ್ತರಿಸಿದ ಅಂಚು ನೀರು ಕುಡಿದು ಉಬ್ಬಿತು. ಇಷ್ಟು ಚಿಕ್ಕ ವಸ್ತುವಿನಲ್ಲಿ ಅರ್ಧ ಮಿಲಿಮೀಟರ್ ಉಬ್ಬಿದರೂ ಕಣ್ಣಿಗೆ ಹೊಡೆಯುತ್ತದೆ. ಈ ಸಲ ತೆಳುವಾಗಿ ಕಲಸಿದ ಗೋಂದನ್ನು ಅಂಚಿಗೆ ಎರಡು ಸಲ ಬಳಿದೆ. ಒಂದು ರಾತ್ರಿ ಒಣಗಲು ಬಿಟ್ಟು, ಸ್ಯಾಂಡ್‌ಪೇಪರ್‌ನಿಂದ ಮೆಲ್ಲಗೆ ಉಜ್ಜಿ, ಆಮೇಲೆ ಬಣ್ಣ ಹಾಕಿದೆ. ಅಂಚು ಚೂಪಾಗಿಯೇ ಉಳಿದಿದೆ. ಕಡು ಕೆಂಪು ಭಾಗಕ್ಕೆ ಕೆಂಪಿನ ಜೊತೆ ಒಂದು ತೊಟ್ಟು ಕಂದು ಬೆರೆಸಿದರೆ ಸರಿಯಾದ ಬಣ್ಣ ಬರುತ್ತದೆ. ಬರೀ ಕೆಂಪು ಹಚ್ಚಿದರೆ ಆಟಿಕೆಯ ಆಟಿಕೆ ಥರ ಕಾಣುತ್ತದೆ.

ಕಂಟ್ರೋಲರ್‌ಗಳೇ ಜಾಸ್ತಿ ಸಮಯ ತಿಂದವು. ಒಂದೊಂದೂ ಎರಡು ಸೆಂಟಿಮೀಟರ್ ಕೂಡ ಇಲ್ಲ. ಫ್ಯಾಮಿಕಾಮ್‌ನಲ್ಲಿ ಎರಡೂ ಕಂಟ್ರೋಲರ್‌ಗಳ ವೈರು ಯಂತ್ರಕ್ಕೇ ಸೇರಿಕೊಂಡಿರುತ್ತದೆ, ಬಿಚ್ಚಲು ಬರುವುದಿಲ್ಲ. ಹಾಗಾಗಿ ಕಪ್ಪು ಹೊಲಿಗೆ ದಾರಕ್ಕೆ ಗೋಂದು ಸವರಿ, ಡಬ್ಬಿಯ ಹಿಂಭಾಗದಿಂದ ಹೊರತಂದೆ. ಇನ್ನೊಂದು ಸೊಗಸು ಇದೆ: ಎರಡನೇ ಕಂಟ್ರೋಲರ್‌ನಲ್ಲಿ ಸ್ಟಾರ್ಟ್, ಸೆಲೆಕ್ಟ್ ಗುಂಡಿಗಳಿಲ್ಲ, ಬದಲಿಗೆ ಮೈಕ್ ಇದೆ. ಅದಕ್ಕೆ ಸೂಜಿಮೊನೆಯಿಂದ ಪುಟ್ಟ ಚುಕ್ಕೆಗಳನ್ನು ಚುಚ್ಚಿದ್ದೇನೆ. ಯಾರೂ ಗಮನಿಸದಿದ್ದರೂ ಅದು ಅಲ್ಲಿ ಇರಬೇಕು, ಅಲ್ವಾ?

ಗೊಂಬೆಯ ಬೆರಳು ಮಡಚುವುದಿಲ್ಲ. ಕಂಟ್ರೋಲರ್ ಹಿಂದೆ ಪಾರದರ್ಶಕ ಎಲಾಸ್ಟಿಕ್‌ನ ಸಣ್ಣ ಕುಣಿಕೆ ಅಂಟಿಸಿ ಅಂಗೈಗೆ ಸಿಕ್ಕಿಸಿದೆ. ಎದುರಿನಿಂದ ನೋಡಿದರೆ ಹಿಡಿದುಕೊಂಡೇ ಕೂತಂತಿದೆ.

ಯಂತ್ರಕ್ಕೆ ಸಿಕ್ಕಿಸುವ ಆಟದ ಕಾರ್ಟ್ರಿಡ್ಜ್ ಕತ್ತರಿಸಿಟ್ಟಿದ್ದೇನೆ, ಲೇಬಲ್ ಬಿಡಿಸುವುದು ಬಾಕಿ. ಟಿವಿಯೂ ಬಾಕಿ.

ಅದಾದ ಮೇಲೆ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರ ಗೇಮ್ ಬಾಯ್ ಕಲರ್. 1998ರ ಅಕ್ಟೋಬರ್‌ನಲ್ಲಿ ಜಪಾನಿನಲ್ಲಿ 'ಸೂಪರ್ ಡಾಲ್ ಲಿಕ್ಕಾ-ಚಾನ್' ಅನಿಮೆ ಟಿವಿಯಲ್ಲಿ ಶುರುವಾಯಿತು, ಅದೇ ತಿಂಗಳು ಗೇಮ್ ಬಾಯ್ ಕಲರ್ ಅಂಗಡಿಗೆ ಬಂತು. ಆ ಅನಿಮೆಯ ಆಟವೂ ಅದೇ ಯಂತ್ರಕ್ಕೆ ಬಂದಿತ್ತು. ಲೆಕ್ಕ ಹಾಕಿದರೆ ಸುಮಾರು 21 ಮಿಲಿಮೀಟರ್ ಉದ್ದ, 12 ಅಗಲ. ನೇರಳೆ ಬಣ್ಣ ಈಗಲೇ ಕಲಸಿ ನೋಡುತ್ತಿದ್ದೇನೆ.