ದೊಡ್ಡ ಹೆಸರಾಗುವ ಮೊದಲು ಅವರು ಆಡಿದ ಊರುಗಳು

ಬೋಸ್ಟನ್‌ನಿಂದ ದಕ್ಷಿಣಕ್ಕೆ ಹೊರಟರೆ ಸಗಮೋರ್ ಸೇತುವೆ ಸಿಗುತ್ತದೆ. ಕೆಳಗೆ ಕೇಪ್ ಕಾಡ್ ಕಾಲುವೆ. ಸೇತುವೆ ದಾಟಿದರೆ ಕೇಪ್ ಕಾಡ್ ಅನ್ನುವ ಪರ್ಯಾಯದ್ವೀಪ. ಎರಡೂ ಕಡೆ ಕುಳ್ಳ ಪೈನ್ ಮರಗಳು, ಮರಳು ನೆಲ, ಮರದ ಹಲಗೆ ಹೊದಿಸಿದ ಮನೆಗಳು. ಬೇಸಿಗೆಯಲ್ಲಿ ಇಲ್ಲಿಗೆ ಜನ ಬರುವುದು ಸಮುದ್ರಕ್ಕೆ, ಇಲ್ಲವೇ ಲಾಬ್‌ಸ್ಟರ್ ತಿನ್ನುವುದಕ್ಕೆ. ನಾನು ಮತ್ತು ವೂಸ್ಟರ್‌ನಲ್ಲಿರುವ ನನ್ನ ತಮ್ಮ ಹೋಗಿದ್ದು ಬೇಸ್‌ಬಾಲ್‌ಗೆ.

ಕೇಪ್ ಕಾಡ್ ಲೀಗ್ ಕಾಲೇಜು ಹುಡುಗರದ್ದು. 1923ರಲ್ಲಿ ಶುರುವಾಯಿತು. ಈಗ ಇಲ್ಲಿ 10 ತಂಡಗಳಿವೆ. ಜೂನ್‌ನಲ್ಲಿ ಶುರುವಾಗಿ ಆಗಸ್ಟ್ ಹೊತ್ತಿಗೆ ಮುಗಿಯುತ್ತದೆ. ಟಿಕೆಟ್ ಇಲ್ಲ. ಆಡುವವರಿಗೆ ಸಂಬಳವೂ ಇಲ್ಲ. ದೇಶದ ಎಲ್ಲ ಕಡೆಯ ಕಾಲೇಜುಗಳಿಂದ ಒಳ್ಳೊಳ್ಳೆ ಆಟಗಾರರನ್ನು ಆರಿಸಿ ಕರೆಸುತ್ತಾರೆ. ಬಂದವರು ಊರಿನವರ ಮನೆಗಳಲ್ಲೇ ಉಳಿಯುತ್ತಾರೆ. ಹೀಗೆ ಬಂದು ಆಡಿಹೋದವರಲ್ಲಿ ಸಾವಿರಕ್ಕೂ ಹೆಚ್ಚು ಜನ ಮೇಜರ್ ಲೀಗ್, ಅಂದರೆ ದೇಶದ ಅತಿ ಮೇಲಿನ ವೃತ್ತಿಪರ ಬೇಸ್‌ಬಾಲ್, ಮುಟ್ಟಿದ್ದಾರೆ. ಅವರು ಹೆಸರಿಲ್ಲದ ಹುಡುಗರಾಗಿದ್ದಾಗ ಆಡಿದ ಜಾಗ ನೋಡಬೇಕು ಅನ್ನೋದು ನನ್ನ ಬಹಳ ದಿನದ ಆಸೆ.

ಮೊದಲು ಕೊಟ್ಯೂಟ್. ಲೊವೆಲ್ ಪಾರ್ಕ್ ಅನ್ನುವ ಮೈದಾನ ಕಾಡಿನ ನಡುವೆ ಇದೆ. ದೀಪ ಇಲ್ಲ. ಅದಕ್ಕೇ ಸಂಜೆ ಬೆಳಕಿರುವಾಗಲೇ ಆಟ ಶುರು ಮಾಡುತ್ತಾರೆ. ಮುಂದೆ ಫಿಲಡೆಲ್ಫಿಯಾ ಫಿಲೀಸ್ 2008ರಲ್ಲಿ ಮೇಜರ್ ಲೀಗ್‌ನ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್ ಗೆದ್ದಾಗ ತಂಡದಲ್ಲಿದ್ದ ಚೇಸ್ ಅಟ್ಲಿ 1998ರಲ್ಲಿ ಕೊಟ್ಯೂಟ್‌ಗೆ ಆಡಿದ್ದ. ನನ್ನ ತಮ್ಮ ಸುತ್ತಲೂ ನೋಡಿ, "ಅಕ್ಕ, ಇಷ್ಟೇನಾ?" ಅಂದ. ಇಷ್ಟೇ. ನನಗೆ ಅದೇ ಇಷ್ಟವಾಯಿತು.

ಯಾರ್ಮತ್-ಡೆನ್ನಿಸ್ ಮೈದಾನದಲ್ಲಿ ಅವತ್ತು ಆಟ ಇರಲಿಲ್ಲ. ಮುಂದೆ ಮೇಜರ್ ಲೀಗ್‌ನಲ್ಲಿ ಹೆಸರಾದ ಕ್ರೇಗ್ ಬಿಜಿಯೊ 1986ರಲ್ಲಿ, ಬಸ್ಟರ್ ಪೋಸಿ 2006 ಮತ್ತು 2007ರಲ್ಲಿ, ಕ್ರಿಸ್ ಸೇಲ್ 2009ರಲ್ಲಿ ಈ ತಂಡಕ್ಕೆ ಆಡಿದ್ದರು. 2018ರ ವರ್ಲ್ಡ್ ಸೀರೀಸ್‌ನ ಕೊನೆಯ ಔಟ್ ತೆಗೆದು ಬೋಸ್ಟನ್‌ಗೆ ಕಪ್ ತಂದುಕೊಟ್ಟವನು ಇದೇ ಸೇಲ್.

ಬ್ರೂಸ್ಟರ್ ತಂಡ ಆಡುವುದು ಒಂದು ಪ್ರೈಮರಿ ಶಾಲೆಯ ಪಕ್ಕದ ಮೈದಾನದಲ್ಲಿ. 2022ರಲ್ಲಿ 62 ಹೋಮ್ ರನ್ (ನಮ್ಮ ಸಿಕ್ಸರ್ ಥರದ್ದು) ಹೊಡೆದು, ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ ಅಮೆರಿಕನ್ ಲೀಗ್‌ನಲ್ಲಿ 1961ರಿಂದ ನಿಂತಿದ್ದ ರೋಜರ್ ಮ್ಯಾರಿಸ್‌ನ ದಾಖಲೆ ಮುರಿದ ಆರನ್ ಜಡ್ಜ್ 2012ರ ಬೇಸಿಗೆಯಲ್ಲಿ ಇಲ್ಲಿದ್ದ. ಆರಡಿ ಏಳಿಂಚಿನ ಆಳು. ಅವನಿಗೆ ಉಳಿದುಕೊಳ್ಳಲು ಜಾಗ ಕೊಟ್ಟ ಮನೆಯವರು ಮಂಚಕ್ಕೆ ಏನು ಮಾಡಿದರೋ ಅಂತ ದಾರಿಯುದ್ದಕ್ಕೂ ಮಾತಾಡಿಕೊಂಡೆವು.

ಸಂಜೆ ಆಟ ನೋಡಿದ್ದು ಓರ್ಲಿಯನ್ಸ್‌ನಲ್ಲಿ. ಎಲ್ಡ್ರೆಡ್ಜ್ ಪಾರ್ಕ್‌ನಲ್ಲಿ ಹುಲ್ಲಿನ ದಿಬ್ಬವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ್ದಾರೆ. ಊರಿನವರು ಬೆಳಿಗ್ಗೆಯೇ ಕುರ್ಚಿ, ಕಂಬಳಿ ಹಾಕಿ ಜಾಗ ಹಿಡಿದು ಹೋಗುತ್ತಾರೆ. ಯಾರೂ ಮುಟ್ಟುವುದಿಲ್ಲ. ನಾವು ಮೇಲಿನ ಮೆಟ್ಟಿಲಲ್ಲಿ ಕೂತೆವು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಮರದ ಬ್ಯಾಟಿನ ಸದ್ದು ಹೊಸದೇನಲ್ಲ. ಅಮೆರಿಕದ ಕಾಲೇಜು ಬೇಸ್‌ಬಾಲ್‌ನಲ್ಲಿ ಮಾತ್ರ ಲೋಹದ ಬ್ಯಾಟು. ಅದರಲ್ಲಿ ಚೆಂಡು ಎಲ್ಲಿ ತಾಗಿದರೂ ಅಷ್ಟು ದೂರ ಹೋಗುತ್ತದೆ, ಬ್ಯಾಟು ಮುರಿಯುವುದಿಲ್ಲ. ಮೇಜರ್ ಲೀಗ್‌ನಲ್ಲಿ ಬರೀ ಮರದ್ದೇ. ಹಾಗಾಗಿ ಕೇಪ್ ಕಾಡ್‌ನವರು 1985ರಿಂದ ಮರಕ್ಕೇ ಹಿಂತಿರುಗಿದರು. ಹುಡುಗರ ಅಸಲಿ ಅಳತೆ ಆಗುವುದು ಇಲ್ಲೇ. ಎರಡನೇ ಇನ್ನಿಂಗ್ಸ್‌ನಲ್ಲಿ (ಬೇಸ್‌ಬಾಲ್‌ನಲ್ಲಿ ಚಿಕ್ಕ ಚಿಕ್ಕ ಒಂಬತ್ತು ಇನ್ನಿಂಗ್ಸ್, ಸಮವಾದರೆ ಇನ್ನೂ ಹೆಚ್ಚು) ಅದು ಕಣ್ಣೆದುರೇ ಕಂಡಿತು. ಪಿಚರ್ ಎಸೆದ ಚೆಂಡು ಬ್ಯಾಟರ್‌ನ ಮೈ ಹತ್ತಿರಕ್ಕೆ ನುಗ್ಗಿತು. ಅವನು ಬೀಸಿದ. ಚೆಂಡು ತಾಗಿದ್ದು ಹಿಡಿಯ ಹತ್ತಿರ. ಫಟ್ ಅಂತ ಬ್ಯಾಟು ಸೀಳಿ, ಅಗಲದ ತುಂಡು ಪಿಚರ್ ಕಡೆ ಉರುಳಿತು. ಕೈಯಲ್ಲಿ ಉಳಿದ ಹಿಡಿ ಬಿಸಾಡಿ ಅವನು ಓಡಿದ, ಔಟಾದ. ಹಿಂದೆ ಕೂತಿದ್ದ ಸ್ಕೌಟ್‌ಗಳು, ಅಂದರೆ ದೊಡ್ಡ ತಂಡಗಳಿಗೆ ಆಟಗಾರರನ್ನು ಹುಡುಕುವವರು, ವೇಗ ಅಳೆಯುವ ಯಂತ್ರ ಕೆಳಗಿಳಿಸಿ ಏನೋ ಬರೆದುಕೊಂಡರು. ವಾಪಸ್ ಬರುವಾಗ ಆ ಹುಡುಗ ಒಡೆದ ತುಂಡನ್ನು ಎತ್ತಿ ಒಂದು ಕ್ಷಣ ತಿರುಗಿಸಿ ನೋಡಿದ. ಹತ್ತೊಂಬತ್ತು ಇಪ್ಪತ್ತು ಇರಬಹುದು ವಯಸ್ಸು.

ಕಾರ್ಲ್‌ಟನ್ ಫಿಸ್ಕ್ 1966ರಲ್ಲಿ ಇದೇ ತಂಡಕ್ಕೆ ಆಡಿದ್ದ. ಪಕ್ಕದ ನ್ಯೂ ಹ್ಯಾಂಪ್‌ಶೈರ್‌ನ ಹುಡುಗ. 1975ರ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ, ಹನ್ನೆರಡನೇ ಇನ್ನಿಂಗ್ಸ್, ಬೋಸ್ಟನ್ ತಂಡವನ್ನು ಗೆಲ್ಲಿಸಿದ ಅವನ ಹೋಮ್ ರನ್. ಬೋಸ್ಟನ್‌ನ ಹಳಬರು ಈಗಲೂ ಆ ರಾತ್ರಿ ಬಗ್ಗೆ ಹೇಳುತ್ತಾರೆ. ಫ್ರಾಂಕ್ ಥಾಮಸ್ ಬಂದಿದ್ದು 1988ರಲ್ಲಿ. ಹೈಸ್ಕೂಲ್ ಮುಗಿಸಿದಾಗ ಮೇಜರ್ ಲೀಗ್‌ನ ಯಾವ ತಂಡವೂ ಅವನನ್ನು ಆರಿಸಿಕೊಂಡಿರಲಿಲ್ಲ. ಈಗ ಇಬ್ಬರೂ ಬೇಸ್‌ಬಾಲ್‌ನ ಅತಿ ದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

ನಮ್ಮ ಪಕ್ಕ ಕೂತಿದ್ದ ಹಿರಿಯ ಹೆಂಗಸು ಪ್ರತಿ ಬೇಸಿಗೆ ಮನೆಯಲ್ಲಿ ಆಟಗಾರರನ್ನು ಇಟ್ಟುಕೊಳ್ಳುತ್ತಾರಂತೆ. "ಹಾಲು ಎಷ್ಟು ತಂದರೂ ಸಾಕಾಗಲ್ಲ" ಅಂದರು. ನಿಮ್ಮ ಮನೆಯಲ್ಲಿದ್ದವರು ಯಾರಾದರೂ ಮೇಜರ್ ಲೀಗ್‌ಗೆ ಹೋದರಾ ಅಂತ ಕೇಳಿದೆ. ಹೋದವರ ವಿಷಯ ಒಂದೇ ಮಾತಿನಲ್ಲಿ ಮುಗಿಸಿದರು. ಹೋಗದವರ ಬಗ್ಗೆಯೇ ಜಾಸ್ತಿ ಹೇಳಿದರು. ಒಬ್ಬ ಈಗ ಶಾಲೆಯಲ್ಲಿ ಕೋಚ್. ಇನ್ನೊಬ್ಬನಿಗೆ ಭುಜದ ಆಪರೇಷನ್ ಆಗಿ ಆಟವೇ ಬಿಡಬೇಕಾಯಿತು, ಮದುವೆಗೆ ಇವರನ್ನು ಕರೆದಿದ್ದ. ಹೆಸರಾದವರನ್ನಷ್ಟೇ ಹುಡುಕಿಕೊಂಡು ಬಂದಿದ್ದ ನನಗೆ ಅವರ ಮಾತು ಬೇಕಾಗಿತ್ತು. ಇಲ್ಲಿಗೆ ಬಂದ ಬಹಳ ಹುಡುಗರು ಮೇಜರ್ ಲೀಗ್ ತಲುಪುವುದಿಲ್ಲ. ಹಾಗಂತ ಯಾರ ಊಟದಲ್ಲೂ ವ್ಯತ್ಯಾಸ ಆಗುವುದಿಲ್ಲ.

ಮರುದಿನ ಚಾಥಮ್. ಇಲ್ಲಿ ಆಟಕ್ಕಿಂತ ಮಂಜಿನ ಕಥೆ ದೊಡ್ಡದು. ಸಮುದ್ರದಿಂದ ಮಂಜು ಎದ್ದು ಬಂದರೆ ದೂರದಲ್ಲಿ ನಿಂತ ಫೀಲ್ಡರ್‌ಗೆ ಚೆಂಡೇ ಕಾಣುವುದಿಲ್ಲ, ಆಟ ನಿಲ್ಲಿಸುತ್ತಾರೆ. ನಮಗೂ ಹಾಗೇ ಆಯಿತು. ಕಾಯುತ್ತಾ ತಮ್ಮನಿಗೆ ಥರ್ಮನ್ ಮನ್ಸನ್ ಕಥೆ ಹೇಳಿದೆ. ಕ್ಯಾಚರ್, ನಮ್ಮ ವಿಕೆಟ್ ಕೀಪರ್ ಥರ. 1967ರಲ್ಲಿ ಇಲ್ಲಿ ಅವನ ಬ್ಯಾಟಿಂಗ್ ಸರಾಸರಿ .420. ಅಂದರೆ ನೂರಕ್ಕೆ ನಲವತ್ತೆರಡು ಸಲ ಹಿಟ್. ಮೂವತ್ತು ದಾಟಿದರೇ ದೊಡ್ಡ ಮಾತು. ಮುಂದೆ ನ್ಯೂಯಾರ್ಕ್ ಯಾಂಕೀಸ್‌ನ ನಾಯಕನಾದ. 1979ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಾಗ ಇನ್ನೂ 32 ವರ್ಷ. ಇವತ್ತಿಗೂ ಈ ಲೀಗ್‌ನ ಅತಿ ಹೆಚ್ಚು ಸರಾಸರಿಯ ಬ್ಯಾಟರ್‌ಗೆ ಅವನ ಹೆಸರಿನ ಪ್ರಶಸ್ತಿಯನ್ನೇ ಕೊಡುತ್ತಾರೆ.

ಜೆಫ್ ಬ್ಯಾಗ್‌ವೆಲ್ ಕೂಡ ಚಾಥಮ್‌ನವನೇ, 1987 ಮತ್ತು 1988ರಲ್ಲಿ ಆಡಿದ. ಬೋಸ್ಟನ್‌ನಲ್ಲಿ ಹುಟ್ಟಿದವನು. ಅದೇ ಊರಿನ ಮೇಜರ್ ಲೀಗ್ ತಂಡ ರೆಡ್ ಸಾಕ್ಸ್ ಅವನನ್ನು ಆರಿಸಿಕೊಂಡಿತು, ಆದರೆ 1990ರಲ್ಲಿ ಹ್ಯೂಸ್ಟನ್‌ಗೆ ಕೊಟ್ಟುಬಿಟ್ಟಿತು. ಅಲ್ಲಿ ಅವನು 449 ಹೋಮ್ ರನ್ ಹೊಡೆದ. ಹ್ಯೂಸ್ಟನ್‌ನಲ್ಲಿ ಅವನ ಜೊತೆಗಾರ ಯಾರು ಗೊತ್ತಾ? ಯಾರ್ಮತ್-ಡೆನ್ನಿಸ್‌ನ ಬಿಜಿಯೊ. ಇಲ್ಲಿಂದ ಕಾರಿನಲ್ಲಿ ಸ್ವಲ್ಪ ಹೊತ್ತಿನ ದಾರಿ, ಇವನಿಗಿಂತ ಒಂದೇ ಬೇಸಿಗೆ ಮುಂಚೆ. ಇಬ್ಬರೂ ಹದಿನೈದು ಸೀಸನ್ ಒಟ್ಟಿಗೆ ಆಡಿದರು. ಬಿಜಿಯೊ 2015ರಲ್ಲಿ, ಬ್ಯಾಗ್‌ವೆಲ್ 2017ರಲ್ಲಿ ಹಾಲ್ ಆಫ್ ಫೇಮ್ ಸೇರಿದರು.

ಹೋಗುವವರಿಗೆ ಒಂದೆರಡು ಮಾತು. ಶನಿವಾರ ಹೊರಡಬೇಡಿ, ಸೇತುವೆ ಹತ್ತಿರ ಗಾಡಿಗಳ ಸಾಲು ಮೈಲಿಗಟ್ಟಲೆ ನಿಂತಿರುತ್ತದೆ. ಮಡಚುವ ಕುರ್ಚಿ ಇಟ್ಟುಕೊಳ್ಳಿ. ಜುಲೈ ಆದರೂ ಸ್ವೆಟರ್ ಇರಲಿ, ಕತ್ತಲಾದ ಮೇಲೆ ಗಾಳಿ ತಣ್ಣಗಾಗುತ್ತದೆ. ಆಟದ ನಡುವೆ ದೇಣಿಗೆ ಕೇಳಿಕೊಂಡು ಬರುತ್ತಾರೆ. ಒಂದು ಟಿಕೆಟ್‌ಗೆ ಕೊಡುತ್ತಿದ್ದಷ್ಟನ್ನಾದರೂ ಹಾಕಿ. ತಂಡ ನಡೆಯುವುದು ಅಂಥ ದುಡ್ಡಿನಿಂದಲೇ. ಮುರಿದ ಬ್ಯಾಟಿನ ಬದಲಿಗೆ ಇನ್ನೊಂದು ತರಬೇಕಲ್ಲ.