ಅಜ್ಜನನ್ನು ಸುಳ್ಳುಗಾರ ಮಾಡಿದ ನನ್ನ ಒಂದು ಸಾಲು

ಮನೆತನದ ಪುಸ್ತಕ ಬರೆದುಕೊಡುವುದು ನನ್ನ ಕೆಲಸ. ಹಳೇ ಕಾಗದ ಹುಡುಕುವುದು, ನೆಂಟರನ್ನು ಮಾತಾಡಿಸುವುದು, ಸಿಕ್ಕಿದ್ದನ್ನು ಹೊಂದಿಸಿ ಬರೆಯುವುದು.

ಕುಂದಾಪುರ ಕಡೆಯ ಒಂದು ಮನೆಯವರು ಹೇಳಿದ ಕಥೆ ಇದು. ಅವರ ಅಜ್ಜ ಬೊಂಬಾಯಿಯ ಘಾಟ್ಕೋಪರ್‌ನಲ್ಲಿ ಹೋಟೆಲ್ ಮಾಣಿ. ರಾತ್ರಿ ಬಾಗಿಲು ಹಾಕಿದ ಮೇಲೆ ಹೊರಗೆ ಫುಟ್‌ಪಾತ್‌ನಲ್ಲೇ ಮಲಗುತ್ತಿದ್ದರು. 1968ರಲ್ಲಿ ಒಂದು ರಾತ್ರಿ, ಬೀದಿ ಬದಿಯಲ್ಲಿ ಮಲಗಿದವರನ್ನು ಕೊಲ್ಲುತ್ತಿದ್ದ ಸರಣಿ ಕೊಲೆಗಾರ ರಾಮನ್ ರಾಘವ್ ಕಬ್ಬಿಣದ ಸರಳು ಹಿಡಿದು ಬಂದನಂತೆ. ತಿಗಣೆ ಕಾಟಕ್ಕೆ ನಿದ್ದೆ ಬಾರದೆ ಎದ್ದು ಕೂತಿದ್ದ ಅಜ್ಜ ಓಡಿ ಬಚಾವಾದರಂತೆ.

ಮನೆಯಲ್ಲಿ, ಅಜ್ಜ ಬೊಂಬಾಯಿಯಿಂದ ಕಳಿಸಿದ ದುಡ್ಡಿನ ಜೊತೆ ಬಂದ ಮನಿಆರ್ಡರ್ ಕೂಪನ್‌ಗಳನ್ನು ತಂತಿಗೆ ಸಿಕ್ಕಿಸಿಟ್ಟಿದ್ದರು. ಕೊನೆಯದರ ಮೇಲೆ 1967ರ ಮುದ್ರೆ. ಅದೇ ವರ್ಷದ ಮದುವೆ ಕಾಗದವೂ ಸಿಕ್ಕಿತು. ಅಂದರೆ 1968ರಲ್ಲಿ ಅಜ್ಜ ಊರಲ್ಲಿ ಗದ್ದೆ ಮಾಡಿಕೊಂಡಿದ್ದರು! ಭಾರೀ ಪತ್ತೇದಾರನ ಹಾಗೆ ‘ಈ ಘಟನೆ ನಡೆದಿರಲು ಸಾಧ್ಯವಿಲ್ಲ’ ಎಂದು ಬರೆದು ಕರಡು ಕಳಿಸಿಬಿಟ್ಟೆ.

ಹಿರಿಮಗನ ಫೋನ್ ಬಂತು. "ಎಂತ ಮಾರಾಯ್ರೆ, ನಮ್ಮ ಅಪ್ಪಯ್ಯ ಸುಳ್ಳು ಹೇಳಿದ್ರು ಅಂತ ಅಚ್ಚು ಹಾಕ್ಸುದಾ?"

ಆಮೇಲೆ ಮಾಡಿದ್ದು ಮೊದಲೇ ಮಾಡಬೇಕಿದ್ದ ಕೆಲಸ. ಆ ಕೇಸನ್ನು ಸರಿಯಾಗಿ ಓದಿದೆ. ರಾಮನ್ ರಾಘವ್ ಸಿಕ್ಕಿಬಿದ್ದದ್ದು 1968ರ ಆಗಸ್ಟ್‌ನಲ್ಲಿ, ಸಬ್ ಇನ್‌ಸ್ಪೆಕ್ಟರ್ ಅಲೆಕ್ಸ್ ಫಿಯಾಲೊ ಕೈಗೆ. ಆದರೆ 1965-66ರಲ್ಲೇ, ಜನ ಇನ್ನೂ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ಅಂತ ಹಳೇ ಹೆಸರಲ್ಲೇ ಕರೆಯುತ್ತಿದ್ದ ಸೆಂಟ್ರಲ್ ರೈಲ್ವೆ ದಾರಿಯ ಉದ್ದಕ್ಕೂ, ಬೀದಿ ಬದಿಯಲ್ಲಿ, ಗುಡಿಸಲಲ್ಲಿ ಮಲಗಿದ್ದ 19 ಜನರ ಮೇಲೆ ಹಲ್ಲೆಯಾಗಿತ್ತು, 9 ಜನ ಸತ್ತಿದ್ದರು. ಪೊಲೀಸರು ಆಗಲೇ ಅವನನ್ನು ಹಿಡಿದು ವಿಚಾರಿಸಿ, ಸಾಕ್ಷಿ ಇಲ್ಲವೆಂದು ಬಿಟ್ಟಿದ್ದರು. ಘಾಟ್ಕೋಪರ್ ಆ ದಾರಿಯಲ್ಲೇ ಇದೆ. ಅಜ್ಜ ಆಗ ಅಲ್ಲೇ ಇದ್ದರು, ಕೂಪನ್‌ಗಳೇ ಸಾಕ್ಷಿ.

ನಾನು ಕಥೆಯ ಇಸವಿಯನ್ನು ಹಿಡಿದುಕೊಂಡು ಕಥೆಯನ್ನೇ ಹೊಡೆದು ಹಾಕಿದ್ದೆ. ಇಸವಿ ಎಲ್ಲಿಂದ ಬಂತು ಅಂತ ಕೇಳಲೇ ಇಲ್ಲ. ಈಗ ಅಜ್ಜನ ತಂಗಿಯನ್ನು ಹುಡುಕಿಕೊಂಡು ಹೋದೆ. ಹಲ್ಲಿಲ್ಲ, ಕಿವಿ ಮಂದ, ನೆನಪು ಮಾತ್ರ ಗಟ್ಟಿ. ನಾನು ಹೆಸರು ಎತ್ತಲಿಲ್ಲ, ಸುಮ್ನೆ ಬೊಂಬಾಯಿ ಸುದ್ದಿ ಕೇಳಿದೆ. ಮೊದಲ ಸಲ ಮನೆಯವರನ್ನು ನಾನೇ ಹೆಸರು ಹೇಳಿ ಕೇಳಿದ್ದೆ, ಅದು ಇನ್ನೊಂದು ತಪ್ಪು. ಅಣ್ಣ ಮದುವೆಗೆ ಬಂದಾಗಲೇ ಹೇಳಿದ್ದನಂತೆ, ‘ಯಾರೋ ಒಬ್ಬ ಸರಳು ಹಿಡ್ಕೊಂಡು ಬಂದಿದ್ದ’ ಅಂತ. ಹೆಸರು ಸೇರಿದ್ದು ಮರುವರ್ಷ. ಪೇಪರಿನಲ್ಲಿ ಸುದ್ದಿ ಬಂದಾಗ ಅವರ ದೊಡ್ಡಪ್ಪ ಓದಿ, "ಅವನೇ ಇರ್ಬೇಕು" ಅಂದರಂತೆ. ಇಸವಿಯೂ ಅದೇ ಪೇಪರಿನದು ಅನಿಸುತ್ತದೆ.

ಹಾಗಾದರೆ ಬಂದವನು ಅವನೇನಾ? ಅದನ್ನು ಕೂಪನ್ ಹೇಳುವುದಿಲ್ಲ. ಆದರೆ ಪೇಪರ್ ಓದಿ ಹುಟ್ಟಿಸಿದ ಕಥೆ ಇದಲ್ಲ ಎನ್ನುವಷ್ಟು ಗೊತ್ತಾಯಿತು. ನನಗೆ ಅದೇ ಜಾಸ್ತಿ ಖುಷಿ ಕೊಟ್ಟಿತು.

ಆ ಪುಟ ಮತ್ತೆ ಬರೆದೆ. ತಂಗಿ ಹೇಳಿದ್ದು ಒಂದು ಕಡೆ, ದೊಡ್ಡಪ್ಪ ಸೇರಿಸಿದ್ದು ಇನ್ನೊಂದು ಕಡೆ. ಹಿರಿಮಗ ಓದಿ, "ಆ ‘ಇರ್ಬೇಕು’ ತೆಗೀಲಿಕ್ಕೆ ಆಗುದಿಲ್ವಾ?" ಅಂದರು. ಆಗುವುದಿಲ್ಲ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯ್ತು, ಅದನ್ನ ಸಣ್ಣ ಅಕ್ಷರದಲ್ಲಿ ಹಾಕಿ" ಅಂದರು.